ಸರೋವರದ ದಂಡೆಯ ಕನ್ನಡ ಮನೆ

ತಾಂಜಾನಿಯಾ ದೇಶದಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯ ಮೇಲೆ ಕಸೇಲ್ಯಾ ಎಂಬ ಮೀನುಗಾರರ ಹಳ್ಳಿಯಿತ್ತು. ಆ ಹಳ್ಳಿಗೆ ನಮ್ಮ ಕರ್ನಾಟಕದಿಂದ ಮೂವರು ಸೇವೆ ಮಾಡಲು ಹೋದರು. ಯಾರ ಬಲವಂತವೂ ಇರಲಿಲ್ಲ. ತಾವಾಗಿಯೇ ಮುಂದೆ ಬಂದು, ಮನೆಯವರನ್ನು ಒಪ್ಪಿಸಿ, ಕಣ್ಣು ಒರೆಸಿಕೊಂಡು ವಿಮಾನ ಹತ್ತಿದವರು.

ಅವರಲ್ಲಿ ಹಿರಿಯರು ಪ್ರಮೀಳಾ ಟೀಚರ್. ದಾವಣಗೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸುಮ್ಮನೆ ಕೂತು ಟಿವಿ ನೋಡಲಾರೆ ಎಂದು, ಕಸೇಲ್ಯಾದ ಶಾಲೆಯಲ್ಲಿ ಕಲಿಸಲು ಹೊರಟುಬಂದಿದ್ದರು. ಅವರ ಜೊತೆ ಮಲ್ಪೆಯ ಸುಜಿತ್ ಮೆಂಡನ್ ಇದ್ದ. ಇಂಜಿನಿಯರು. ಹಳ್ಳಿಗೆ ಕುಡಿಯುವ ನೀರಿನ ಕೊಳಾಯಿ ಹಾಕಿಸುವುದು ಅವನ ಕೆಲಸ. ಇನ್ನೊಬ್ಬಳು ಮಹಾನಂದಾ. ಕಲಬುರಗಿ ಕಡೆಯ ಸೇಡಂನವಳು, ನರ್ಸು. ಹೆರಿಗೆ ಮಾಡಿಸುವುದರಲ್ಲಿ ಕೈ ಪಳಗಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವಳನ್ನು ಅಜ್ಜಿ ಸಾಕಿದ್ದರು.

ಕಳಿಸಿದ ಸಂಸ್ಥೆಯವರು ಈ ಮೂವರಿಗೆ ಹಳ್ಳಿಯ ಅಂಚಿನಲ್ಲಿ ಒಂದು ಮನೆ ಕೊಟ್ಟಿದ್ದರು. ಮುಂದೆ ಹೆಂಗಸರಿಬ್ಬರ ಕೋಣೆಗಳು, ಹಿತ್ತಿಲಿನಲ್ಲಿ ಸುಜಿತ್‌ನ ಕೋಣೆ. ಭದ್ರತೆಗೆಂದು ಸುತ್ತ ಎತ್ತರದ ಗೋಡೆ, ಮುಂದೆ ಕಬ್ಬಿಣದ ಗೇಟು.

ಬಂದ ಮೊದಲ ವಾರವೇ ಎದುರು ಮನೆಯ ಹೆಂಗಸು ಬಂದರು. ಅವರ ಹೆಸರು ಮಾಮಾ ಸಲಾಮಾ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ‘ಮಾಮಾ’ ಎಂದರೆ ತಾಯಿ, ‘ದಾದಾ’ ಎಂದರೆ ಅಕ್ಕ, ‘ಕಾಕಾ’ ಎಂದರೆ ಅಣ್ಣ. ಇದನ್ನು ಕೇಳಿ ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದರು. ಸುಜಿತ್ ಅಂತೂ ಮಹಾನಂದಾಳನ್ನು ‘ಸೇಡಂ ದಾದಾ’ ಎಂದೇ ರೇಗಿಸುತ್ತಿದ್ದ.

ಮಾಮಾ ಸಲಾಮಾ ಗೇಟಿನ ಹೊರಗೆ ನಿಂತು “ಹೋಡಿ!” ಎಂದು ಕೂಗಿದರು. ಒಳಗೆ ಬರಲೇ ಎಂದು ಕೇಳುವ ಮಾತು ಅದು. ಒಳಗಿನವರು “ಕರಿಬೂ” ಎಂದರೆ ಬರಬೇಕು. ಕೂಗಿ ಕೂಗಿ ಉತ್ತರ ಬಾರದಿದ್ದರೆ ತಿರುಗಿ ಹೋಗಬೇಕು. ಅದು ಅಲ್ಲಿನ ಮರ್ಯಾದೆ.

ಅವರ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯಿತ್ತು. ತಟ್ಟೆಯ ತುಂಬ ಬೆಳ್ಳಿಯಂತೆ ಮಿನುಗುವ ಸಣ್ಣ ಒಣಮೀನು. ಪ್ರಮೀಳಾ ಟೀಚರ್ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

“ಅಯ್ಯೋ, ನಾವು ತಿನ್ನಲ್ಲಮ್ಮ. ಬೇಜಾರು ಮಾಡ್ಕೋಬೇಡಿ,” ಎಂದು ಕನ್ನಡದಲ್ಲೇ ಹೇಳಿ ತಲೆಯಾಡಿಸಿದರು. ಮಾಮಾ ಸಲಾಮಾ ನಕ್ಕು, ತಟ್ಟೆಯನ್ನು ಮತ್ತೆ ಮುಚ್ಚಿಕೊಂಡು ಹೋದರು. ಹಿಂದೆ ನಿಂತಿದ್ದ ಸುಜಿತ್ ತಟ್ಟೆಯನ್ನೇ ನೋಡುತ್ತಿದ್ದ.

ಆಮೇಲೂ ಅವರು ಬಂದರು. ನೆಂಟರ ಮನೆಯ ಮದುವೆಗೆ ಕರೆದರು. ಆ ದಿನ ಮಹಾನಂದಾಳಿಗೆ ಸುಸ್ತು. “ಮುಂದಿನ ಸಲ ಬರ್ತೀನಿ,” ಎಂದು ತಪ್ಪಿಸಿಕೊಂಡಳು. ಮತ್ತೊಮ್ಮೆ ಹೆಂಗಸರೆಲ್ಲ ಸೇರಿ ಮರಗೆಣಸು ಸುಲಿಯುವಾಗ ಬಾ ಎಂದು ಕರೆದರು. ಆಗ ಊರಿಂದ ಫೋನು ಬರುವುದಿತ್ತು. ಹೀಗೆ ಕೆಲವು ತಿಂಗಳಾದ ಮೇಲೆ ಕರೆಯುವುದು ತಾನಾಗಿ ನಿಂತಿತು. ದಾರಿಯಲ್ಲಿ ಸಿಕ್ಕರೆ ಹಳ್ಳಿಯವರು ಪಕ್ಕಕ್ಕೆ ಸರಿದು ನಮಸ್ಕಾರ ಹೇಳಿ ಹೋಗುತ್ತಿದ್ದರು.

“ನೋಡಿ, ಎಷ್ಟು ಒಳ್ಳೆ ಜನ. ಒಂಚೂರೂ ತೊಂದರೆ ಕೊಡಲ್ಲ,” ಎನ್ನುತ್ತಿದ್ದರು ಪ್ರಮೀಳಾ ಟೀಚರ್.

ಆದರೆ ಕೆಲಸ ಮುಂದಕ್ಕೆ ಹೋಗುತ್ತಿರಲಿಲ್ಲ. ಮಹಾನಂದಾ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಅವರು ಹೂಂಗುಟ್ಟಿ ಎದ್ದು ಹೋಗುತ್ತಿದ್ದರು. ಮತ್ತೆ ಬಾ ಎಂದ ದಿನ ಬರುತ್ತಿರಲಿಲ್ಲ. ಸುಜಿತ್ ಕರೆದ ಸಭೆಗೆ ನಾಲ್ಕು ಮುದುಕರು ಬಂದು ಕೂತು, ಅವನು ಹೇಳಿದ್ದಕ್ಕೆಲ್ಲ ಒಪ್ಪಿಕೊಂಡು, ಆಮೇಲೆ ಏನೂ ಮಾಡುತ್ತಿರಲಿಲ್ಲ. “ಈ ಜನಕ್ಕೆ ಆಸಕ್ತಿನೇ ಇಲ್ಲ ಮಾರಾಯ್ರೆ,” ಎಂದು ಅವನು ಊಟಕ್ಕೆ ಕೂತಾಗ ಗೊಣಗುತ್ತಿದ್ದ. ಉಳಿದಿಬ್ಬರು ಹೌದೆನ್ನುತ್ತಿದ್ದರು.

ವಾರವಿಡೀ ಹೀಗೆ ದಣಿದವರಿಗೆ ಭಾನುವಾರವೊಂದೇ ಸಮಾಧಾನ. ಸುತ್ತಲಿನ ಊರುಗಳಲ್ಲಿ ಅವರ ಹಾಗೆಯೇ ಸೇವೆಗೆ ಬಂದಿದ್ದ ನಮ್ಮ ಕರ್ನಾಟಕದ ಹುಡುಗ ಹುಡುಗಿಯರು ಆ ದಿನ ಈ ಮನೆಗೆ ಬರುತ್ತಿದ್ದರು. ಪ್ರಮೀಳಾ ಟೀಚರ್ ಬೆಳಗಿನಿಂದಲೇ ಒಲೆಯ ಮುಂದೆ. ಒಗ್ಗರಣೆಯ ಘಮ ಬೀದಿಯ ತುದಿಗೂ ಬರುತ್ತಿತ್ತು. ಊಟ, ಹಾಡು, ಹರಟೆ, ಊರಿನ ನೆನಪು, ನಡುವೆ ಯಾರೋ ಒಬ್ಬರ ಅಳು. ಟೀಚರ್ ಅಳುವವರ ತಲೆ ಸವರಿ ಇನ್ನೊಂದು ಸೌಟು ಬಡಿಸುತ್ತಿದ್ದರು. ಆ ಮನೆಗೆ ‘ಕನ್ನಡ ಮನೆ’ ಎಂದೇ ಹೆಸರಾಯಿತು. ದೂರದೂರದಿಂದ ಬಸ್ಸು ಹಿಡಿದು ಬರುವವರಿದ್ದರು.

ಯುಗಾದಿ ಕಳೆದ ಭಾನುವಾರ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಟೀಚರ್ ಬೇಳೆ ಹೋಳಿಗೆ ಮಾಡಿದ್ದರು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಯಾರೋ ದೊಡ್ಡ ಸ್ಪೀಕರ್ ತಂದಿದ್ದರು. ಹಬ್ಬದ ಹಾಡು, ಸಿನಿಮಾ ಹಾಡು, ಕುಣಿತ ಎಲ್ಲ ಸೇರಿ ಮಧ್ಯಾಹ್ನವಿಡೀ ಮನೆ ಗಿಜಿಗುಟ್ಟಿತು. ಮಹಾನಂದಾ ಎಷ್ಟೋ ದಿನಗಳ ನಂತರ ಮನಸ್ಸು ಬಿಚ್ಚಿ ನಕ್ಕಳು. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಹೊರಟರು. ಮೂವರೂ ಪಾತ್ರೆ ತೊಳೆದಿಟ್ಟು ಮಲಗಿದರು.

ಮರುದಿನ ಬೆಳಿಗ್ಗೆ ಮಹಾನಂದಾ ಕೆಲಸಕ್ಕೆ ಹೊರಟಾಗ ಎದುರು ಮನೆಯ ಅಂಗಳದಲ್ಲಿ ಚಾಪೆ ಹಾಸಿದ್ದು ಕಂಡಿತು. ಹಳ್ಳಿಯ ಹೆಂಗಸರು ಕಾಲು ಚಾಚಿ, ಮಾತಿಲ್ಲದೆ ಕೂತಿದ್ದರು. ಗಂಡಸರು ಹೊರಗೆ ಮರದ ಕೆಳಗಿದ್ದರು. ಅವಳು ದಾರಿ ದಾಟಿ ಓಡಿದಳು. ಒಳಗೆ ಹೋಗಿ, ತನಗೆ ಬರುತ್ತಿದ್ದಷ್ಟು ಸ್ವಾಹಿಲಿಯಲ್ಲಿ, “ಮಾಮಾ, ಏನಾಯಿತು?” ಎಂದು ಕೇಳಿದಳು.

ಮಾಮಾ ಸಲಾಮಾ ನಿಧಾನವಾಗಿ ಹೇಳಿದರು. ಅವರ ಸೊಸೆ ಜವಾದಿಗೆ ತುಂಬಿದ ತಿಂಗಳು. ನಿನ್ನೆ ಮಧ್ಯಾಹ್ನ ನೋವು ಬಂತು. ಜೊತೆಗೆ ರಕ್ತ ಹೋಗತೊಡಗಿತು. ಭಾನುವಾರವಾದ್ದರಿಂದ ಆರೋಗ್ಯ ಕೇಂದ್ರಕ್ಕೆ ಬೀಗ. ದೋಣಿಯಲ್ಲಿ ಮಲಗಿಸಿಕೊಂಡು ಆಚೆ ದಂಡೆಯ ಪಟ್ಟಣದ ಆಸ್ಪತ್ರೆಗೆ ಹೊರಟರು. ಗಾಳಿ ಜೋರಾಗಿತ್ತು, ಅಲೆ ಎದ್ದಿತ್ತು. ನಡುನೀರಿನಲ್ಲೇ ಹೆರಿಗೆಯಾಯಿತು. ಗಂಡುಮಗು. ಅಳಲಿಲ್ಲ. ಜವಾದಿ ಬದುಕಿಕೊಂಡಳು. ಬೆಳಗಿನ ಜಾವ ಅವಳನ್ನು ಮನೆಗೆ ಕರೆತಂದರು.

ಮಹಾನಂದಾ ಚಾಪೆಯ ಅಂಚಿಗೆ ಕೂತಳು. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಊದಿಸುವ ರಬ್ಬರ್ ಚೀಲ ಅವಳ ಮನೆಯಲ್ಲೇ ಇತ್ತು. ಆರೋಗ್ಯ ಕೇಂದ್ರದ ಬೀಗ ಸರಿಯಿಲ್ಲವೆಂದು ತಂದಿಟ್ಟುಕೊಂಡಿದ್ದಳು. ಅದನ್ನು ಬಳಸಿ ಎಷ್ಟೋ ಮಕ್ಕಳನ್ನು ಉಳಿಸಿದ್ದಳು. ಈ ಮಗು ಉಳಿಯುತ್ತಿತ್ತೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಆದರೆ ಅವಳು ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ.

“ನನ್ನನ್ನ ಯಾಕೆ ಕರೀಲಿಲ್ಲ ಮಾಮಾ?”

“ಬಂದಿದ್ದೆ ಮಗಳೇ. ಗೇಟಿನ ಹತ್ತಿರ ನಿಂತು ಕೂಗಿದೆ. ಒಳಗೆ ಹಾಡು ನಡೆದಿತ್ತು. ನಿಮ್ಮ ಜನ ಬಂದಿದ್ದರು, ಹಬ್ಬವಿತ್ತು. ನಿಮ್ಮ ಸಂತೋಷಕ್ಕೆ ಅಡ್ಡ ಬರಬಾರದು ಅಂತ ತಿರುಗಿ ಬಂದೆ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಹಾನಂದಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಮಲಗಿದ್ದ ಜವಾದಿ ಅವಳ ದನಿ ಕೇಳಿ ಗೋಡೆಯ ಕಡೆ ತಿರುಗಿಕೊಂಡಳು.

ಮನೆಗೆ ಬಂದು ಹೇಳಿದಾಗ ಪ್ರಮೀಳಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಸುಜಿತ್, “ನಮಗೆ ಕೇಳಿಸಿದ್ರೆ ನಾವು ಹೋಗ್ತಿರ್ಲಿಲ್ವಾ?” ಎಂದ.

“ಹೋಗ್ತಿದ್ವಿ. ಆದ್ರ ನಮಗ ಕೇಳಿಸಲಿಲ್ಲ,” ಎಂದಳು ಮಹಾನಂದಾ. “ಎಷ್ಟೊತ್ತು ಕೂಗಿದ್ರೋ ಏನೋ. ಒಳಗ ಬಂದು ನನ್ನ ರಟ್ಟಿ ಹಿಡಿದು ಎಳಕೊಂಡು ಹೋಗಬಹುದಿತ್ತಲ್ಲ? ನಮ್ಮೂರಾಗಾದ್ರ ಹಂಗ ಮಾಡ್ತಿದ್ರು. ಇಲ್ಲೂ ಒಬ್ಬರಿಗೊಬ್ಬರು ಹಂಗೇ ಮಾಡ್ತಾರ. ನಮ್ಮ ಮನಿಗೆ ಹಂಗ ನುಗ್ಗೋ ಸಲುಗಿ ಅವರಿಗೆ ಇರಲಿಲ್ರಿ. ನಾವು ಕೊಟ್ಟೇ ಇರಲಿಲ್ಲ.”

“ನಾವೂ ಮನುಷ್ಯರಲ್ವಾ? ವಾರವಿಡೀ ಬೇರೆ ಭಾಷೆಯಲ್ಲಿ ತಡವರಿಸಿ ತಡವರಿಸಿ ಸಾಕಾಗ್ತದೆ. ಒಂದು ದಿನ ನಮ್ಮವರ ಜೊತೆ ನಮ್ಮ ಭಾಷೆ ಆಡಿದ್ರೆ ಅದು ಎಂತ ಪಾಪ?”

ಸುಜಿತ್‌ನ ಮಾತು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಕೇಳುವ ಸ್ಥಿತಿಯಲ್ಲಿ ಮಹಾನಂದಾ ಇರಲಿಲ್ಲ. ಆ ವಾರವೇ ಅವಳು ತನ್ನ ಪೆಟ್ಟಿಗೆ ಎತ್ತಿಕೊಂಡು ಮಾಮಾ ಸಲಾಮಾ ಮನೆಗೆ ಹೋದಳು. ಅಂಗಳದ ಮೂಲೆಯಲ್ಲಿದ್ದ ಖಾಲಿ ಕೋಣೆಯಲ್ಲಿ ಇರಲು ಬಿಡಿ ಎಂದು ಕೇಳಿದಳು. ಮಾಮಾ ಸಲಾಮಾ ಆಶ್ಚರ್ಯಪಟ್ಟರು, ಆದರೆ ಬೇಡವೆನ್ನಲಿಲ್ಲ.

ಹೊರಡುವಾಗ ಪ್ರಮೀಳಾ ಟೀಚರ್ ಬಾಗಿಲಲ್ಲಿ ನಿಂತು, “ನಾನೇನು ತಪ್ಪು ಮಾಡ್ದೆ ಹೇಳಮ್ಮ. ಮಕ್ಕಳು ಮನೆ ಬಿಟ್ಟು ಬಂದಿದಾವೆ, ಬಾಯಿಗೆ ರುಚಿಯಾಗಿ ಒಂದಿಷ್ಟು ಮಾಡಿ ಹಾಕೋಣ ಅಂದ್ಕೊಂಡೆ. ಅದು ತಪ್ಪಾ?” ಎಂದು ಕೇಳಿದರು. ಮಹಾನಂದಾ ತಿರುಗಿ ನೋಡದೆ ಗೇಟು ದಾಟಿದಳು.

ಹೊಸ ಬದುಕು ಸುಲಭವಾಗಿರಲಿಲ್ಲ. ಬೆಳಿಗ್ಗೆ ಎದ್ದು ಹೆಂಗಸರ ಜೊತೆ ನೀರು ತರಬೇಕು. ಬಿಂದಿಗೆ ತಲೆಯ ಮೇಲೆ ನಿಲ್ಲದೆ ಮೈಯೆಲ್ಲ ತೊಯ್ಯುತ್ತಿತ್ತು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ನುಂಗಿ ನುಂಗಿ ಗಂಟಲು ಕಟ್ಟುತ್ತಿತ್ತು. ಅವಳು ಮೀನು ಮುಟ್ಟುವುದಿಲ್ಲವೆಂದು ತಿಳಿದು ಮಾಮಾ ಸಲಾಮಾ ಬೇರೆ ಪಾತ್ರೆಯಲ್ಲಿ ಸೊಪ್ಪು ಬೇಯಿಸಿ ಇಡುತ್ತಿದ್ದರು. ಅವಳು ಮಾತು ತಪ್ಪಿ ಆಡಿದಾಗ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಗುತ್ತಲೇ ತಿದ್ದುತ್ತಿದ್ದರು. ತಿಂಗಳುಗಳು ಕಳೆದಂತೆ ಅವಳ ನಾಲಿಗೆ ತಿರುಗಿತು. ಮರಗೆಣಸು ಸುಲಿಯುವಾಗ ಬಸುರಿಯರು ಆರೋಗ್ಯ ಕೇಂದ್ರದಲ್ಲಿ ಎಂದೂ ಬಾಯಿಬಿಡದ ಸಂಗತಿಗಳನ್ನು ಹೇಳಿಕೊಂಡರು. ತಪಾಸಣೆಗೆ ಬರುವವರು ಹೆಚ್ಚಾದರು.

ಜವಾದಿ ಮಾತ್ರ ಅವಳೊಂದಿಗೆ ಮಾತಾಡಲಿಲ್ಲ. ಒಂದೇ ಅಂಗಳದಲ್ಲಿದ್ದರೂ, ಊಟದ ತಟ್ಟೆಯನ್ನು ಅವಳ ಮುಂದೆ ಇಟ್ಟು, ಮುಖ ನೋಡದೆ ಹೋಗಿಬಿಡುತ್ತಿದ್ದಳು. ಕ್ಷಮೆ ಕೇಳಬೇಕೆಂದು ಮಹಾನಂದಾ ಎಷ್ಟೋ ಸಲ ಮಾತು ಜೋಡಿಸಿಕೊಂಡಳು. ಬಾಯಿಗೆ ಬರಲಿಲ್ಲ.

ಇಷ್ಟರಲ್ಲಿ ಅವಳೊಳಗೆ ಇನ್ನೊಂದು ಬೆಳೆಯುತ್ತಿತ್ತು. ತಾನೊಬ್ಬಳೇ ನಿಜವಾದ ಸೇವೆ ಮಾಡುತ್ತಿದ್ದೇನೆ ಎಂಬ ಭಾವ. ಕನ್ನಡ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಿದ್ದಳು. ಸುಜಿತ್ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಒಂದು ದಿನ ಪ್ರಮೀಳಾ ಟೀಚರ್ ಶೇಂಗಾ ಹಿಂಡಿ ಕುಟ್ಟಿ, ಡಬ್ಬಿಯಲ್ಲಿ ತುಂಬಿಕೊಂಡು ಬಂದರು. ಸೇಡಂನ ಹುಡುಗಿಗೆ ಅದು ಇಷ್ಟವೆಂದು ಅವರಿಗೆ ಗೊತ್ತಿತ್ತು. ಮಹಾನಂದಾ ಕೋಣೆಯೊಳಗಿದ್ದೇ, “ಕೆಲಸದಾಗ ಇದ್ದೀನಿ, ಆಮ್ಯಾಲೆ ಬರ್ತೀನಿ,” ಎಂದು ಹೇಳಿ ಕಳಿಸಿದಳು. ಟೀಚರ್ ಡಬ್ಬಿಯನ್ನು ಮಾಮಾ ಸಲಾಮಾ ಕೈಗೆ ಕೊಟ್ಟು ಹೋದರು.

ಸಂಜೆ ಮಾಮಾ ಸಲಾಮಾ ಆ ಡಬ್ಬಿಯನ್ನು ತಂದು ಅವಳ ಮುಂದಿಟ್ಟರು.

“ನಿಮ್ಮವರ ಜೊತೆ ಜಗಳವಾ?”

“ಜಗಳ ಇಲ್ಲ ಮಾಮಾ. ನಿಮಗೋಸ್ಕರ ಅವರನ್ನು ಬಿಟ್ಟು ಬಂದೆ.”

ಮಾಮಾ ಸಲಾಮಾ ಅವಳ ಕಡೆ ತಿರುಗಿದರು. “ನಾವು ಯಾವಾಗ ಕೇಳಿದೆವು?” ಎಂದರು.

ಮಹಾನಂದಾ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಳು.

“ಆ ಹೆಂಗಸು ಅಳುತ್ತಾ ಹೋದಳು. ವಯಸ್ಸಾದವಳು, ನನ್ನ ಹಾಗೆ. ನೀನು ಇಲ್ಲಿಗೆ ಬಂದಾಗ ನಮಗೆ ಸಂತೋಷವಾಯಿತು. ಆದರೆ ಊರಿನಲ್ಲಿ ಏನಂತಾರೆ ಗೊತ್ತಾ? ತನ್ನವರನ್ನೇ ಇಷ್ಟು ಬೇಗ ಬಿಟ್ಟವಳು ನಾಳೆ ನಮ್ಮನ್ನೂ ಬಿಡುತ್ತಾಳೆ ಅಂತಾರೆ. ನಿನಗೆ ತಾಯಿಯಂಥವಳೊಬ್ಬಳು ಇದ್ದಾಳೆ, ‘ದಾದಾ’ ಎಂದು ಕರೆಯುವ ತಮ್ಮನಿದ್ದಾನೆ. ಅವರನ್ನು ಹೊರಗೆ ನಿಲ್ಲಿಸಿ ನೀನೊಬ್ಬಳೇ ಒಳಗೆ ಬಂದರೆ ನಮಗೂ ಮುಜುಗರ. ಅವರನ್ನು ಕರೆದುಕೊಂಡು ಬಾ.”

ಮಹಾನಂದಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗೋಡೆಯ ಒಳಗೆ ತಮ್ಮವರೊಂದಿಗೆ ಕೂತು ಹಳ್ಳಿಯನ್ನು ಹೊರಗಿಟ್ಟಿದ್ದಳು. ಈಗ ಹಳ್ಳಿಯೊಳಗೆ ಕೂತು ತಮ್ಮವರನ್ನು ಹೊರಗಿಟ್ಟಿದ್ದಳು. ಎರಡು ಸಲವೂ ಬಾಗಿಲು ಹಾಕಿದ್ದು ತನ್ನ ಕೈಯೇ ಎಂದು ಅವಳಿಗೆ ಹೊಳೆಯಿತು.

ಮರುದಿನ ಮಾಮಾ ಸಲಾಮಾರನ್ನೂ ಕರೆದುಕೊಂಡು ಕನ್ನಡ ಮನೆಗೆ ಹೋದಳು. ಏನೇನೋ ಹೇಳಬೇಕೆಂದು ಹೊರಟಿದ್ದಳು. ಬಾಗಿಲು ತೆರೆದ ಪ್ರಮೀಳಾ ಟೀಚರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಷ್ಟು ಸೊರಗಿದೀಯಾ! ಬಾ ಒಳಗೆ. ಕಾಫಿ ಕುಡೀತೀಯಾ?” ಎಂದರು. ಅಷ್ಟಕ್ಕೇ ಮಹಾನಂದಾ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಟೀಚರ್ ಮಾಮಾ ಸಲಾಮಾ ಕೈ ಹಿಡಿದು ಒಳಗೆ ಕರೆದು ಕೂರಿಸಿದರು. ತಿನ್ನಲು ನಿಪ್ಪಟ್ಟು ಕೊಟ್ಟರು. ಖಾರಕ್ಕೆ ಮಾಮಾ ಸಲಾಮಾ ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ಬೇಕೆಂದು ಕೈ ಚಾಚಿದರು.

ಮುಂದಿನ ಭಾನುವಾರದ ಊಟ ಮಾಮಾ ಸಲಾಮಾ ಅಂಗಳದಲ್ಲಿ ನಡೆಯಿತು. ಪ್ರಮೀಳಾ ಟೀಚರಿಗೆ ಮೊದಲು ಇಷ್ಟವಿರಲಿಲ್ಲ. “ಮೀನಿನ ಪಕ್ಕ ನನ್ನ ಅನ್ನ ಬೇಯೋದು ಹೆಂಗಮ್ಮ?” ಎಂದು ಪೇಚಾಡಿದರು. ಕೊನೆಗೆ ಅಂಗಳದ ಈ ತುದಿಗೊಂದು, ಆ ತುದಿಗೊಂದು ಒಲೆ ಹೂಡಿದರು. ಟೀಚರ್ ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಿ ತಮ್ಮ ಜಾಗ ಆರಿಸಿಕೊಂಡರು.

ಆ ದಿನ ಬೇರೊಂದು ತಮಾಷೆಯೂ ನಡೆಯಿತು. ಆ ಕಡೆಯ ಒಲೆಯ ಮೇಲೆ ಒಣಮೀನು ಹುರಿಯುವ ವಾಸನೆ ಬಂದದ್ದೇ ಸುಜಿತ್ ಎದ್ದು ಹೋದ. ತೆಂಗಿನಕಾಯಿ ಕೇಳಿ ಪಡೆದ, ತುರಿದ, ಮೆಣಸಿನಕಾಯಿ ಹುಣಸೆಹಣ್ಣು ಹಾಕಿ ಕಲ್ಲಿನಲ್ಲಿ ಅರೆದ. ಮೀನನ್ನು ಅದರಲ್ಲಿ ಕಲಸಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ.

“ಕ್ಷಮಿಸಿ ಟೀಚರ್,” ಎಂದ. “ನಿಮ್ಮಿಬ್ಬರ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದೆ. ನನ್ನ ಅಮ್ಮ ಮೀನು ಒಣಗಿಸಿ ಮಾರಿಯೇ ನನ್ನನ್ನು ಓದಿಸಿದ್ದು. ಮೊದಲ ವಾರ ಇವರು ತಟ್ಟೆ ತಂದಾಗ ಕೈ ಚಾಚೋಣ ಅನ್ನಿಸಿತ್ತು. ಯಾಕೋ ನಾಚಿಕೆಯಾಯ್ತು.”

“ಹುಚ್ಚಪ್ಪ! ಹೇಳಿದ್ರೆ ನಾನು ಬೇಡ ಅಂತಿದ್ನಾ?” ಎಂದರು ಟೀಚರ್.

ಮೀನುಗಾರರು ಅವನ ಚಟ್ನಿಗೆ ಮುಗಿಬಿದ್ದರು. ಊಟವಾದ ಮೇಲೆ ಅವನನ್ನು ದಂಡೆಗೆ ಕರೆದೊಯ್ದರು. ಹರಿದ ಬಲೆ ಕಂಡು ಅವನ ಕೈ ತಾನಾಗಿ ಮುಂದಾಯಿತು. ಅಂದಿನಿಂದ ಸಂಜೆಯ ಹೊತ್ತು ಅವನು ದಂಡೆಯಲ್ಲೇ ಸಿಗುತ್ತಿದ್ದ. ಕೊಳಾಯಿ ಎಲ್ಲೆಲ್ಲಿ ಬರಬೇಕೆಂಬ ಮಾತು ಆಮೇಲೆ ಸಭೆಯಲ್ಲಿ ನಡೆಯಲಿಲ್ಲ, ದೋಣಿಯ ಅಂಚಿನ ಮೇಲೆ ಕೂತು ನಡೆಯಿತು. ಜಗಳವಾಡಿದರು, ಒಪ್ಪಿದರು, ಮತ್ತೆ ಜಗಳವಾಡಿದರು. ಕೊಳಾಯಿ ಬಂತು.

ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ದೂರದೂರುಗಳಿಂದ ಬರುತ್ತಿದ್ದ ನಮ್ಮ ಹುಡುಗರಲ್ಲಿ ಕೆಲವರಿಗೆ ಈ ಹೊಸ ಪದ್ಧತಿ ಹಿಡಿಸಲಿಲ್ಲ. “ನಮ್ಮವರ ಜೊತೆ ನಾಲ್ಕು ಮಾತಾಡೋಣ ಅಂತ ಬಂದರೆ ಇಲ್ಲೂ ಅದೇ ಸ್ವಾಹಿಲಿ,” ಎಂದು ಬರುವುದನ್ನು ಬಿಟ್ಟರು. ಪ್ರಮೀಳಾ ಟೀಚರಿಗೆ ಅದು ನೋವಾಯಿತು. ಅವರಿಗಾಗಿ ಆಗಾಗ ತಮ್ಮ ಮನೆಯಲ್ಲೇ ಕನ್ನಡದ ಊಟ, ಕನ್ನಡದ ಹರಟೆ ಇಟ್ಟುಕೊಂಡರು. ಮಹಾನಂದಾ ಅದಕ್ಕೂ ಹೋದಳು, ಹಾಡಿದಳು. ಗೇಟು ಮಾತ್ರ ತೆರೆದಿರುತ್ತಿತ್ತು. ಹಳ್ಳಿಯ ಮಕ್ಕಳು, ಹಳ್ಳಿಯ ಕೋಳಿಗಳು ಒಳಗೆ ಹೊರಗೆ ಓಡಾಡಿಕೊಂಡಿರುತ್ತಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಊರಿಂದ ಫೋನು ಬಂತು. ಮಹಾನಂದಾಳ ಅಜ್ಜಿ ತೀರಿಹೋಗಿದ್ದರು. ಹಿಂದಿನ ದಿನವಷ್ಟೇ ಅವರು ಫೋನಿನಲ್ಲಿ, “ಊಟ ಮಾಡಿದೇನವ್ವಾ?” ಎಂದು ಕೇಳಿದ್ದರು. ಎಷ್ಟು ಬೇಗ ಹೊರಟರೂ ಮಣ್ಣಿಗೆ ಮುಟ್ಟುವಂತಿರಲಿಲ್ಲ. ಅವಳು ಕೋಣೆಗೆ ಬಂದು ನೆಲದ ಮೇಲೆ ಕೂತಳು. ಅಳುವೂ ಬರಲಿಲ್ಲ. ಸಾವಿರಾರು ಮೈಲಿ ದೂರದ ಆ ಹಳ್ಳಿಯಲ್ಲಿ ಅಜ್ಜಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ಯಾರ ಮುಂದೆ ಅಳುವುದು?

ಸುದ್ದಿ ಹೇಗೆ ಹಬ್ಬಿತೋ ತಿಳಿಯದು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸುವ ಸದ್ದಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅವಳನ್ನು ಹೊರಗೆ ಕರೆತಂದು ನಡುವೆ ಕೂರಿಸಿ, ಸುತ್ತ ಕೂತರು. “ಪೋಲೆ, ಪೋಲೆ,” ಎಂದು ಅವಳ ಬೆನ್ನು ಸವರಿದರು. ನಿನ್ನ ನೋವು ನಮಗೂ ತಾಗಿತು ಎನ್ನುವ ಮಾತು ಅದು. ಗಂಡಸರು ಸರೋವರಕ್ಕೆ ಇಳಿಯದೆ ಮರದ ಕೆಳಗೆ ಕೂತರು. ಅವರ ನಡುವೆ ಸುಜಿತ್ ಕೂಡ ತಲೆ ತಗ್ಗಿಸಿ ಕೂತಿದ್ದ. ಪ್ರಮೀಳಾ ಟೀಚರ್ ಗಂಜಿ ಮಾಡಿಕೊಂಡು ಬಂದು, ಮಾಮಾ ಸಲಾಮಾ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.

“ನಿನ್ನ ಅಜ್ಜಿಯ ಬಗ್ಗೆ ಹೇಳು,” ಎಂದರು ಮಾಮಾ ಸಲಾಮಾ. “ಹೆಸರೇನು? ಹೇಗಿದ್ದರು?”

“ಗುರಬಸವ್ವ,” ಎಂದಳು ಮಹಾನಂದಾ. ಅಲ್ಲಿದ್ದ ಹೆಂಗಸರೆಲ್ಲ ಆ ಹೆಸರನ್ನು ತಮ್ಮ ನಾಲಿಗೆಯಲ್ಲಿ ತಿರುಗಿಸಿ ನೋಡಿದರು. ಅವಳು ಹೇಳುತ್ತಾ ಹೋದಳು. ಅಜ್ಜಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿಯುತ್ತಿದ್ದುದು, ಮೊಮ್ಮಗಳು ಪರೀಕ್ಷೆಯಲ್ಲಿ ಪಾಸಾದಾಗ ಓಣಿಯವರಿಗೆಲ್ಲ ಸಕ್ಕರೆ ಹಂಚಿದ್ದು, ವಿಮಾನವೆಂದರೆ ಹೆದರಿ ‘ಮುಗಿಲಾಗ ಕಾಲು ಎಲ್ಲಿ ಊರ್ತದ ಅದು’ ಎಂದು ಕೇಳಿದ್ದು. ಸ್ವಾಹಿಲಿ ಸಾಲದಾದಾಗ ಕನ್ನಡದಲ್ಲೇ ಹೇಳಿದಳು. ಟೀಚರ್ ಅತ್ತರು. ಕನ್ನಡದ ಒಂದಕ್ಷರ ಅರಿಯದ ಹೆಂಗಸರೂ ಅತ್ತರು. ಆಗ ಮಹಾನಂದಾಳಿಗೂ ಅಳು ಬಂತು. ದೊಡ್ಡ ದನಿ ತೆಗೆದು, ಊರಿನಲ್ಲಿ ಅಳುವ ಹಾಗೆಯೇ ಅತ್ತಳು.

ಅತ್ತು ಸಮಾಧಾನವಾಗುವ ಹೊತ್ತಿಗೆ ಯಾರೋ ತನ್ನ ಪಕ್ಕಕ್ಕೆ ಬಂದು ಕೂತದ್ದು ಅವಳಿಗೆ ತಿಳಿಯಿತು. ಜವಾದಿ. ಅವಳು ಮಹಾನಂದಾಳ ಬಿಚ್ಚಿಹೋಗಿದ್ದ ಕೂದಲನ್ನು ಕೈಯಿಂದ ಬಿಡಿಸಿ, ನಿಧಾನವಾಗಿ ಹೆಣೆಯತೊಡಗಿದಳು.

“ನನ್ನ ಮಗುವಿಗೂ ಒಂದು ಹೆಸರಿತ್ತು,” ಎಂದಳು ಆಮೇಲೆ. ಆ ಮಧ್ಯಾಹ್ನದ ನಂತರ ಅವಳು ಮಹಾನಂದಾಳ ಜೊತೆ ಆಡಿದ ಮೊದಲ ಮಾತು ಅದು. “ಹೊಟ್ಟೆಯಲ್ಲಿದ್ದಾಗಲೇ ಇಟ್ಟಿದ್ದೆ. ಅದು ಉಸಿರಾಡಲೇ ಇಲ್ಲ, ಹೆಸರು ಹೇಳಿ ಏನು ಮಾಡಲಿ ಅಂತ ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಿಲ್ಲ.”

ಮಹಾನಂದಾ ತಿರುಗಿ ಅವಳ ಕೈ ಹಿಡಿದುಕೊಂಡಳು. ಎಷ್ಟೋ ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು. “ನನ್ನನ್ನು ಕ್ಷಮಿಸು ಜವಾದಿ. ನಾನು ಇಲ್ಲೇ ಇದ್ದೆ.”

ಜವಾದಿ ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಬಗ್ಗಿ, ಅವಳ ಕಿವಿಯಲ್ಲಿ ಆ ಹೆಸರನ್ನು ಹೇಳಿದಳು.

ಮಹಾನಂದಾ ಊರಿಗೆ ಮರಳಿ ಈಗ ಬಹಳ ಕಾಲವಾಗಿದೆ. ಆ ಹೆಸರು ಏನೆಂದು ಅವಳು ಇಂದಿಗೂ ಯಾರಿಗೂ ಹೇಳಿಲ್ಲ.

ನೀತಿ: ಪರ ಊರಿನಲ್ಲಿ ನಮ್ಮವರನ್ನು ಹುಡುಕಿಕೊಂಡು ಹೋಗಿ ಕೂಡುವುದು ಸಹಜ, ಅದರಲ್ಲಿ ದೋಷವಿಲ್ಲ. ಆದರೆ ನಾವು ಕೂಡಿ ಕೂತ ಜಾಗಕ್ಕೆ ನೆರೆಯವರು ತಮ್ಮ ಕಷ್ಟ ಹೊತ್ತು ಬರಲು ಹಿಂಜರಿಯುವಂತಿದ್ದರೆ, ನಾವು ಅಲ್ಲಿ ಎಷ್ಟು ವರ್ಷ ಸೇವೆ ಮಾಡಿದರೂ ಆ ಊರಿಗೆ ಇನ್ನೂ ಬಂದಿಲ್ಲವೆಂದೇ ಲೆಕ್ಕ. ಕೊಡುವುದಕ್ಕಷ್ಟೇ ಹೋದವರು ಅತಿಥಿಗಳಾಗಿ ಉಳಿಯುತ್ತಾರೆ. ಆ ಊರಿನವರ ಮುಂದೆ ಅಳಲು, ಅವರಿಂದ ಪಡೆಯಲು ಮನಸ್ಸು ಒಪ್ಪಿದ ದಿನ ನಾವು ಅವರ ನೆರೆಯವರಾಗುತ್ತೇವೆ.